ಚಳಿ ಮುಗೀತು, ಬಾಯ್ಲರ್‌ನ ಪೂರ್ತಿ ಆಫ್ ಮಾಡಿಬಿಡ್ಬೋದಾ?

ರೀಡಿಂಗ್ ರಂಗ · ಏಪ್ರಿಲ್ 6

ಎಲ್ರಿಗೂ ಇಂಗ್ಲೆಂಡಿನ ರೀಡಿಂಗಿಂದ ನಮಸ್ಕಾರ. ಗಡಿಯಾರ ಒಂದು ಗಂಟೆ ಮುಂದೆ ಹೋಯ್ತು, ಹಿತ್ತಲಲ್ಲಿ ಡ್ಯಾಫೊಡಿಲ್ ಬಿಟ್ಟಾಯ್ತು, ಬಾಯ್ಲರಲ್ಲಿ ಕಾದ ನೀರು ರೂಮುಗಳ ರೇಡಿಯೇಟರಲ್ಲಿ ಹರಿದು ಮನೆ ಬೆಚ್ಚಗಿಡೋ ಹೀಟಿಂಗ್ ಇನ್ನು ಸಾಕು ಅಂತ ಮನೇಲಿ ತೀರ್ಮಾನ ಆಗಿದೆ. ತೀರ್ಮಾನ ಮಾಡಿದ್ದು ನಾನು, ಹೆಂಡ್ತಿ ಇನ್ನೂ ಶಾಲು ಹೊದ್ಕೊಂಡೇ ಓಡಾಡ್ತಿದಾಳೆ, ಅದು ಬೇರೆ ವಿಷ್ಯ.

ಹೋದ ವರ್ಷ ಇದೇ ಟೈಮಲ್ಲಿ ಒಂದು ಬುದ್ಧಿವಂತಿಕೆ ಮಾಡಿದ್ದೆ. ನಮ್ಮದು ನಲ್ಲಿ ತಿರುಗಿಸಿದಾಗ ಆಗಿಂದಾಗ್ಲೇ ನೀರು ಕಾಯಿಸೋ ಕಾಂಬಿ ಬಾಯ್ಲರ್ ಅಲ್ಲ, ಅಡುಗೆಮನೇಲಿ ಸಿಸ್ಟಮ್ ಬಾಯ್ಲರ್, ಮೇಲೆ ಬಟ್ಟೆ ಬೆಚ್ಚಗಿಡೋ ಏರಿಂಗ್ ಕಪ್‌ಬೋರ್ಡಲ್ಲಿ ಬಿಸಿನೀರಿನ ಸಿಲಿಂಡರ್. ಸಿಲಿಂಡರಲ್ಲಿ ಕರೆಂಟಿನ ಇಮ್ಮರ್ಷನ್ ಇದ್ಯಲ್ಲ, ಸ್ನಾನಕ್ಕೆ ಅದೇ ಸಾಕು, ಬೇಸಿಗೇಲಿ ಬಾಯ್ಲರ್ ಯಾಕೆ ಸುಮ್ನೆ ಉರೀಬೇಕು ಅಂತ ಪಕ್ಕದ ಗೋಡೇಲಿ ಕೆಂಪು ಲೈಟ್ ಇರೋ ಸ್ವಿಚ್ಚನ್ನೇ ಟಕ್ ಅಂತ ಆಫ್ ಮಾಡ್ಬಿಟ್ಟೆ. ಆರು ತಿಂಗಳು ಮುಟ್ಲಿಲ್ಲ. ಅಕ್ಟೋಬರಲ್ಲಿ ಆನ್ ಮಾಡಿದ್ರೆ ಒಳಗಿಂದ ಒಂದು ಗುಂಯ್ ಸದ್ದು, ಆಮೇಲೆ ಎರರ್ ಕೋಡು, ಆಮೇಲೆ ಮೌನ. ಪಂಪ್ ಜಾಮ್. ಇಂಜಿನಿಯರ್ ಸಿಗೋಕೆ ಒಂಬತ್ತು ದಿನ, ಯಾಕಂದ್ರೆ ಇಡೀ ಊರು ಅದೇ ವಾರ ಹೀಟಿಂಗ್ ಆನ್ ಮಾಡಿ ಅದೇ ವಾರ ಫೋನ್ ಮಾಡ್ತಿರತ್ತೆ. ಪಂಪು, ಲೇಬರ್ರು ಎಲ್ಲ ಸೇರಿ 380 ಪೌಂಡ್ ಕೈ ಬಿಡ್ತು. ಅದು ಸರಿ ಆದ್ಮೇಲೆ ಮೇಲಿನ ಎರಡು ರೂಮಿನ ರೇಡಿಯೇಟರ್ ತಣ್ಣಗೇ ಕೂತಿದ್ವು, ಅದು ಇನ್ನೊಂದು ಕತೆ.

ಹಾಗಾಗಿ ಈ ಸಲ ಕೇಳಿಬಿಟ್ಟು ಮಾಡೋಣ ಅಂತ. ಸೀಸನ್ ಮುಗಿದಾಗ ನೀವೆಲ್ಲ ಏನೇನ್ ಮಾಡ್ತೀರಿ? ಸರ್ವಿಸ್ ಈಗ ಮಾಡಿಸ್ಬೇಕಾ, ಸೆಪ್ಟೆಂಬರಿಗಾ? ಜೂನಲ್ಲಿ ಅಪ್ಪ ಅಮ್ಮ ಮೈಸೂರಿಂದ ಬರ್ತಿದಾರೆ, ಆಗ ಮತ್ತೆ ಬೇಕಾಗ್ಬೋದು.

ಹಾಂ, ಇನ್ನೊಂದು ಸಣ್ಣದು. ಬಾಯ್ಲರ್ ಮುಂದೆ ಒಳಗಿನ ನೀರಿನ ಒತ್ತಡ ತೋರಿಸೋ ಮುಳ್ಳು ವಾರಕ್ಕೊಂದ್ಸಲ ಕೆಳಗೆ ಇಳಿದಿರತ್ತೆ, ನಾನು ನೀರು ತುಂಬಿಸಿ ಮತ್ತೆ 1.5ಕ್ಕೆ ತರ್ತೀನಿ. ಅದು ಮಾಮೂಲಿ ಅಲ್ವಾ?

ಕರಾವಳಿ ಕೂಸು · ಏಪ್ರಿಲ್ 6

ರೀಡಿಂಗಲ್ಲಿ ಹೀಟಿಂಗ್ ಸಾಕಾ? ನಾನು ಎಡಿನ್‌ಬರೋದಲ್ಲಿ ಇದ್ದೇನೆ ಮಾರಾಯ್ರೆ, ನಮ್ಗೆ ಸೀಸನ್ ಮುಗಿಯುದು ಅಂತ ಒಂದು ಉಂಟಾ ಅಂತಲೇ ಡೌಟು. ಫಾಲೋ ಮಾಡ್ತಾ ಇದ್ದೇನೆ.

ಧಾರವಾಡ ಪೇಢೆ · ಏಪ್ರಿಲ್ 7

ರಂಗಣ್ಣಾರ, ನಿಮ್ಮ ಆ ಎರಡು ತಣ್ಣನೆ ರೇಡಿಯೇಟರ್ ಕತಿ ನಂಗ ಗೊತ್ತೈತ್ರಿ, ನಮ್ಮ ಲೀಡ್ಸ್ ಮನ್ಯಾಗೂ ಅದ ಆಗಿತ್ತು. ರೇಡಿಯೇಟರ್ ಬಾಜೂಕ ಒಂದು ತಿರುಗಸೋ ಬಿಳೇ ಗುಂಡಿ ಇರ್ತದಲ್ರಿ, ಒಂದರಿಂದ ಐದರತನಕ ನಂಬರ್ ಇದ್ದದ್ದು, ರೂಮಿನ ಬಿಸಿ ನೋಡಿ ರೇಡಿಯೇಟರಿಗೆ ನೀರು ಹೆಚ್ಚುಕಮ್ಮಿ ಬಿಡೋದು, ಟಿಆರ್‌ವಿ ಅಂತಾರ. ನಾವೆಲ್ಲಾ ಏನ್ ಮಾಡ್ತೇವಿ, ಬ್ಯಾಸಗಿ ಬಂತು ಅಂದಕೂಡ್ಲೆ ಎಲ್ಲಾ ರೂಮಿನ್ಯಾಗೂ ಅದನ್ನ ಸೊನ್ನೆಕ್ಕ ತಿರುವಿ ಇಟ್ಟುಬಿಡ್ತೇವಿ. ಅಲ್ಲೇ ತಪ್ಪೋದು. ಸೊನ್ನೆದಾಗ ಇಟ್ರ ಒಳಗಿನ ಸಣ್ಣ ಪಿನ್ನು ಆರು ತಿಂಗಳು ಕೆಳಗ ಒತ್ತಿಕೊಂಡ ಕುಂತಿರ್ತದ, ಅಕ್ಟೋಬರದಾಗ ನೀವು ಐದಕ್ಕ ತಿರುವಿದ್ರೂ ಅದು ಮ್ಯಾಲೆ ಏಳೂದಿಲ್ಲ.

ನಮ್ಮನಿಯವ್ರು ಯೂಟ್ಯೂಬ್ ನೋಡಿ ಆ ಪ್ಲಾಸ್ಟಿಕ್ ತಲಿ ಬಿಚ್ಚಿದ್ರು. ಒಳಗ ಹಿತ್ತಾಳಿ ನಡುವ ಗುಂಡುಸೂಜಿಕಿಂತ ಸ್ವಲ್ಪ ದಪ್ಪ ಒಂದು ಪಿನ್ನು. ಸ್ಪ್ಯಾನರ್ ಹಿಂದಿನ ಭಾಗದಿಂದ ಮೆಲ್ಲಕ ಒತ್ತಿದ್ರ ಒಳಗ ಹೋಗಿ ಹೊಳ್ಳಿ ಪುಟಿದು ಬರಬೇಕು. ಒಂದಕ್ಕ ಹಂಗ ಆತು. ಇನ್ನೊಂದು ಬರ್ಲಿಲ್ಲ ಅಂತ ಇಕ್ಕಳ ತಗೊಂಡು ಎಳೀಲಿಕ್ಕೆ ಹೋದ್ರು ನೋಡ್ರಿ, ನಾ ಒದರಿದೆ, ಪುಣ್ಯಾಕ್ಕ ನಿಂತ್ರು. ಕೆಲವು ವಾಲ್ವಿನಾಗ ಎಳದ್ರ ಪಿನ್ನ ಕಿತ್ತು ಕೈಗೆ ಬರ್ತದಂತ, ಹಿಂದ ಕರೀ ನೀರಿನ ಕಾರಂಜಿ. ಬದಿಯಿಂದ ಹಗೂರಕ ಟಕ್ ಟಕ್ ಬಡದ್ವಿ, ಒಂದು ಹನಿ ಎಣ್ಣಿ ಬಿಟ್ವಿ, ಎದ್ದು ಬಂತು.

ಅವತ್ತಿಂದ ನಮ್ಮನ್ಯಾಗ ರೂಲ್ ಏನಂದ್ರ ಬ್ಯಾಸಗ್ಯಾಗ ಎಲ್ಲಾ ಟಿಆರ್‌ವಿ ಪೂರ್ತಿ ಐದರ ಮ್ಯಾಲೆ. ಬಾಯ್ಲರ್ ಹೀಟಿಂಗ ಬಂದ್ ಇದ್ದಾಗ ಅದು ಐದರಾಗಿದ್ರೇನು ಒಂದರಾಗಿದ್ರೇನು, ಒಂದು ಪೆನ್ನಿ ಖರ್ಚಿಲ್ಲ.

ಪೈಪ್ ಮಾಮ · ಏಪ್ರಿಲ್ 7

ನಾನು ಗ್ಯಾಸ್ ಸೇಫ್ ಇಂಜಿನಿಯರ್, ಅಂದ್ರೆ ಗ್ಯಾಸ್ ಕೆಲಸ ಮಾಡೋರ ಅಧಿಕೃತ ಪಟ್ಟೀಲಿ ಇರೋನು, ಲೆಸ್ಟರ್ ಸುತ್ತಮುತ್ತ ಕೆಲಸ, ಊರು ಹಾಸನದ ಕಡೆ. ಇಲ್ಲಿ ಕನ್ನಡದಲ್ಲಿ ಬಾಯ್ಲರ್ ಬಗ್ಗೆ ಬರೀತಿರೋದು ನೋಡಿ ಖುಷಿಯಾಯ್ತು, ದಿನಾ ಇಂಗ್ಲಿಷಲ್ಲಿ ಹೇಳಿ ಹೇಳಿ ಬಾಯಿ ಒಣಗಿದೆ.

ಪೇಢೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಕ್ಟೋಬರಲ್ಲಿ ನಂಗೆ ಬರೋ ಫೋನಲ್ಲಿ ಅರ್ಧಕ್ಕರ್ಧ ಇದೇ, ಟಿಆರ್‌ವಿ ಪಿನ್ನು, ಜಾಮ್ ಆದ ಪಂಪು, ಅಂಟ್ಕೊಂಡ ವಾಲ್ವು. ಬಾಯ್ಲರ್ ಕೆಡೋದು ಉರಿದಾಗ ಅಲ್ಲ ಸ್ವಾಮಿ, ಸುಮ್ನೆ ಕೂತಾಗ. ಊರಲ್ಲಿ ಬೋರ್ ಮೋಟ್ರು ಒಂದು ಮಳೆಗಾಲ ಓಡಿಸ್ದೆ ಬಿಟ್ರೆ ಏನಾಗತ್ತೆ, ಅದೇ.

ರಂಗ ಅವರೇ, ನೀವು ಮಾಡಿದ ತಪ್ಪು ಹೀಟಿಂಗ್ ನಿಲ್ಲಿಸಿದ್ದಲ್ಲ, ಆ ಕೆಂಪು ಲೈಟಿನ ಸ್ವಿಚ್ ಆಫ್ ಮಾಡಿದ್ದು. ಈಗಿನ ಬಾಯ್ಲರ್‌ಗಳಲ್ಲಿ ಬಹುಪಾಲಿಗೆ ಒಂದು ಏರ್ಪಾಡಿರತ್ತೆ, ದಿನಕ್ಕೊಂದ್ಸಲ ಯಾರೂ ಕೇಳ್ದಿದ್ರೂ ಪಂಪನ್ನ ಸ್ವಲ್ಪ ಹೊತ್ತು ತಿರುಗಿಸಿ ನಿಲ್ಲಿಸತ್ತೆ, ಅದು ಜಾಮ್ ಆಗ್ಬಾರ್ದು ಅಂತಲೇ. ಹಾಗೇ ನೀರು ಹೆಪ್ಪುಗಟ್ಟೋಷ್ಟು ಚಳಿ ಬಂದ್ರೆ ತಾನಾಗೇ ಹೊತ್ಕೊಳತ್ತೆ. ಎರಡಕ್ಕೂ ಕರೆಂಟ್ ಬೇಕು. ನೀವು ಬೇರಿಗೇ ಕತ್ತರಿ ಹಾಕಿದ್ರಿ. ಆಫ್ ಮಾಡ್ಬೇಕಾಗಿರೋದು ಪ್ರೋಗ್ರಾಮರಲ್ಲಿ, ಅಂದ್ರೆ ಟೈಮರ್ ಡಬ್ಬೀಲಿ, ಹೀಟಿಂಗ್ ಮಾತ್ರ, ಬಿಸಿನೀರು ಹಾಗೇ ಇರ್ಲಿ, ಗೋಡೆ ಸ್ವಿಚ್ ಮುಟ್ಬೇಡಿ.

ಇನ್ನು ಇಮ್ಮರ್ಷನ್ ಲೆಕ್ಕ. ಯೂನಿಟ್ಟಿಗೆ ಕರೆಂಟ್ ರೇಟು ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು. ಬಾಯ್ಲರ್ ಒಂದಿಷ್ಟು ಶಾಖ ಹೊಗೆಕೊಳವೇಲಿ ಕಳ್ಕೊಂಡ್ರೂ ಸಿಲಿಂಡರ್ ಕಾಯಿಸೋದಕ್ಕೆ ಗ್ಯಾಸೇ ಅಗ್ಗ. ಆರು ತಿಂಗಳು ಉಳಿತಾಯ ಅಂತ ಅಂದ್ಕೊಂಡಿದ್ರಲ್ಲ, ಉಳಿತಾಯ ಆಗಿದ್ದು ಕರೆಂಟ್ ಕಂಪನಿಗೆ. ಸಿಲಿಂಡರ್ ಥರ್ಮೋಸ್ಟ್ಯಾಟ್ 60 ಡಿಗ್ರಿಗಿಂತ ಕೆಳಗೆ ಇಡ್ಬೇಡಿ, ಉಗುರು ಬೆಚ್ಚಗಿನ ನೀರಲ್ಲಿ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯತ್ತೆ. ಆದ್ರೆ 60 ಡಿಗ್ರಿ ನೀರು ಕೈ ಸುಡತ್ತೆ, ವಯಸ್ಸಾದವರು ಬರ್ತಿದಾರೆ ಅಂದ್ರಲ್ಲ, ನಲ್ಲಿ ಹತ್ರ ನೋಡ್ಕೊಳ್ಳಿ.

ಕಾಂಬಿ ಇರೋರಿಗೆ ಕತೆ ಬೇರೆ. ನಲ್ಲಿ ತಿರುಗಿಸಿದಾಗೆಲ್ಲ ಪಂಪ್ ಹೇಗೂ ಓಡತ್ತೆ. ಅವರಲ್ಲಿ ಸಿಕ್ಕಾಕ್ಕೊಳ್ಳೋದು ಡೈವರ್ಟರ್ ವಾಲ್ವು, ಅಂದ್ರೆ ಬಿಸಿನೀರು ನಲ್ಲಿಗೋ ರೇಡಿಯೇಟರಿಗೋ ಅಂತ ದಾರಿ ತಿರುಗಿಸೋ ಭಾಗ. ಬೇಸಿಗೆ ಪೂರ್ತಿ ಒಂದೇ ಕಡೆ ಕೂತು ಅಲ್ಲೇ ಅಂಟ್ಕೊಳತ್ತೆ. ಕಾಂಬಿಯಲ್ಲಿ ಪ್ರೀಹೀಟ್ ಅಂತ ಒಂದಿರತ್ತೆ, ನಲ್ಲೀಲಿ ಬೇಗ ಬಿಸಿನೀರು ಬರ್ಲಿ ಅಂತ ಒಳಗಿನ ನೀರನ್ನ ದಿನವಿಡೀ ಬೆಚ್ಚಗಿಟ್ಟಿರತ್ತೆ, ಅದನ್ನ ಇಕೋಗೆ ಹಾಕಿ.

ಎಲ್ರಿಗೂ ಒಂದೇ ಔಷಧಿ: ತಿಂಗಳಿಗೊಂದ್ಸಲ, ಬಿಸಿಲಿರ್ಲಿ ಮಳೆ ಇರ್ಲಿ, ರೂಮ್ ಥರ್ಮೋಸ್ಟ್ಯಾಟನ್ನ ಮೇಲೇರಿಸಿ ಹತ್ತು ನಿಮಿಷ ಹೀಟಿಂಗ್ ಓಡಿಸಿ. ಹತ್ತೇ ನಿಮಿಷ.

ಮತ್ತೆ ಕೊನೇಲಿ ಒಂದು ಸಾಲು ಬರ್ದಿದೀರಲ್ಲ, ಮುಳ್ಳು ವಾರಕ್ಕೊಮ್ಮೆ ಇಳಿಯತ್ತೆ ಅಂತ. ನಿಮ್ಮ ನಿಜವಾದ ಕಾಯಿಲೆ ಅದು. ಮಾಮೂಲಿ ಅಲ್ಲವೇ ಅಲ್ಲ. ಅದು ಮುಚ್ಚಿದ ವ್ಯವಸ್ಥೆ, ವರ್ಷಕ್ಕೆ ಒಂದೋ ಎರಡೋ ಸಲ ತುಂಬಿಸ್ಬೇಕಾಗ್ಬೋದು, ವಾರಕ್ಕೊಮ್ಮೆ ಅಲ್ಲ. ನೀರು ಎಲ್ಲೋ ಹೋಗ್ತಿದೆ. ಒಂದು ಕೆಲಸ ಮಾಡಿ. ತಣ್ಣಗಿದ್ದಾಗ ಮುಳ್ಳು ಎಷ್ಟು, ಹೀಟಿಂಗ್ ಅರ್ಧ ಗಂಟೆ ಓಡಿದ ಮೇಲೆ ಎಷ್ಟು, ಬರ್ಕೊಂಡು ಬನ್ನಿ. ಹೊರಗಡೆ ಗೋಡೆಯಿಂದ ಒಂದು ತಾಮ್ರದ ಪೈಪು ಚಾಚಿ ಮತ್ತೆ ಗೋಡೆ ಕಡೆಗೇ ಬಾಗಿರತ್ತೆ, ಅದರ ಬಾಯಿ ಕೆಳಗೆ ಒದ್ದೆ ಇದ್ಯಾ ನೋಡಿ.

ಹೀಟ್‌ಪಂಪ್ ಹನುಮ · ಏಪ್ರಿಲ್ 7

ಯಾಕ್ರಪ್ಪಾ ಈ ತಾಪತ್ರಯ, ಗ್ಯಾಸ್ ಕಿತ್ತಾಕಿ, ಹೊರಗಿನ ಗಾಳೀಲಿರೋ ಶಾಖ ಒಳಗೆ ಎಳ್ಕೊಳೋ ಕರೆಂಟಿನ ಹೀಟ್ ಪಂಪ್ ಹಾಕ್ಸಿ. ಇಂಗ್ಲೆಂಡು ವೇಲ್ಸಲ್ಲಿ ಸರ್ಕಾರನೇ 7,500 ಪೌಂಡ್ ಕೊಡತ್ತೆ, 2023ರ ಅಕ್ಟೋಬರಲ್ಲಿ ಜಾಸ್ತಿ ಮಾಡಿದ್ರು. ಹಾಕ್ಸಿ ಎರಡು ಚಳಿಗಾಲ ಆಯ್ತು, ಕಾರ್ಬನ್ ಮೊನಾಕ್ಸೈಡ್ ವಿಷಗಾಳಿ ಭಯ ಇಲ್ಲ, ಹೊಗೆ ಇಲ್ಲ.

ಪೈಪ್ ಮಾಮ · ಏಪ್ರಿಲ್ 7

ಹನುಮಣ್ಣ, ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ನಿಮ್ಮ ರೇಡಿಯೇಟರಲ್ಲೂ ಅದೇ ನೀರು, ಅದೇ ಟಿಆರ್‌ವಿ. ಹೊರಗಿನ ಪೆಟ್ಟಿಗೆಗೆ ಎಲೆ ಕಸ ತುಂಬ್ಕೊಂಡಿದ್ಯಾ, ಒಳಗಿನ ಫಿಲ್ಟರ್ ಕೊನೇ ಸಲ ಬಿಚ್ಚಿದ್ದು ಯಾವಾಗ?

ಹೀಟ್‌ಪಂಪ್ ಹನುಮ · ಏಪ್ರಿಲ್ 7

ಫಿಲ್ಟರ್ ಇದ್ಯಾ??

ಮಲೆನಾಡ್ ಮಳೆ · ಏಪ್ರಿಲ್ 8

ನಾನು ತೀರ್ಥಹಳ್ಳಿ ಕಡೆಯವಳು, ಈಗ ಬ್ರಿಸ್ಟಲ್. ನಿಮ್ಮ ಚರ್ಚೆ ಓದ್ತಾ ಓದ್ತಾ ನಮ್ಮನೆ ಬಚ್ಚಲೊಲೆ ನೆನಪಾಯ್ತು ಮಾರಾಯ್ರೆ. ತಾಮ್ರದ ಹಂಡೆ, ಸೊಂಟದೆತ್ತರ, ಕೆಳಗೆ ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಹಸಿ ಕಟ್ಟಿಗೆ ಇದ್ರೆ ಅದೂ. ಅದಕ್ಕೂ ವರ್ಷಕ್ಕೊಂದು ಸರ್ವಿಸ್ ಇತ್ತು ಗೊತ್ತುಂಟಾ, ದೀಪಾವಳೀಲಿ ನೀರು ತುಂಬೋ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಅಜ್ಜಿ ಹುಣಸೆಹಣ್ಣು ಬೂದಿ ಹಾಕಿ ಹಂಡೆ ಒಳಗೂ ಹೊರಗೂ ತಿಕ್ತಾ ಇದ್ರು, ಒಲೆ ಬಾಯಿಂದ ಬುಟ್ಟಿಗಟ್ಲೆ ಬೂದಿ ತೆಗೀತಾ ಇದ್ರು, ಅಪ್ಪ ಏಣಿ ಹಾಕಿ ಹೊಗೆಗೂಡಿನ ಮಸಿ ಹೊಡೀತಿದ್ರು. ಆಮೇಲೆ ಹಂಡೆ ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಎಳೆದು, ಹೊಸ ನೀರು ತುಂಬಿದ್ರೆ ಆಯ್ತು. ಎರರ್ ಕೋಡ್ ಅಂದ್ರೆ ಹೊಗೆ ಬಚ್ಚಲ ಒಳಗೇ ತಿರುಗೋದು.

ಇಲ್ಲಿ ಬಾಯ್ಲರ್ ಸರ್ವಿಸಿಗೆ ಬಂದವರು ಹದಿನೈದು ನಿಮಿಷದಲ್ಲಿ ಸೀಟಿ ಹಾಕ್ತಾ ಬಂದು ಸೀಟಿ ಹಾಕ್ತಾ ಹೋದ್ರು, ಕವರ್ ಬಿಚ್ಚಿದ್ದೇ ನಾನು ನೋಡ್ಲಿಲ್ಲ. 90 ಪೌಂಡ್. ಸರ್ವಿಸ್ ಅಂದ್ರೆ ನಿಜವಾಗ್ಲೂ ಎಂತ ಮಾಡ್ಬೇಕು ಮಾಮ?

ಪೈಪ್ ಮಾಮ · ಏಪ್ರಿಲ್ 8

ಹದಿನೈದು ನಿಮಿಷಕ್ಕೆ ಕವರ್ ಬಿಚ್ಚಿ ಮುಚ್ಚೋಕೂ ಆಗಲ್ಲ. ಮುಕ್ಕಾಲು ಗಂಟೆ ಆದ್ರೂ ಬೇಕು. ಬಂದವರು ಮೊದ್ಲು ಕಾರ್ಡ್ ತೋರಿಸ್ಬೇಕು, ನೀವು ಕೇಳ್ಬೇಕು, ನಾಚ್ಕೋಬೇಡಿ. 2009ರ ಏಪ್ರಿಲಿಂದ ಗ್ಯಾಸ್ ಸೇಫ್ ಕಾರ್ಡು, ಅದಕ್ಕೂ ಮುಂಚೆ ಕಾರ್ಗಿ ಅಂತಿತ್ತು, ಹಳಬರು ಇನ್ನೂ ಅದೇ ಹೆಸರು ಹೇಳ್ತಾರೆ. ಕಾರ್ಡಿನ ಮುಂದೆ ಫೋಟೋ, ಮುಗಿಯೋ ತಾರೀಖು. ತಿರುಗಿಸಿ ಹಿಂಬದಿ ನೋಡಿ, ಯಾವ ಯಾವ ಉಪಕರಣ ಮುಟ್ಟೋಕೆ ಅರ್ಹತೆ ಇದೆ ಅಂತ ಅಲ್ಲಿರತ್ತೆ, ಬರೀ ಕುಕ್ಕರ್ ಅರ್ಹತೆ ಇಟ್ಕೊಂಡು ಬಾಯ್ಲರ್ ಬಿಚ್ಚೋ ಹಾಗಿಲ್ಲ.

ಸರ್ವಿಸಲ್ಲಿ ಹೊಗೆಕೊಳವೇಗೆ ಅನಲೈಸರ್ ಕಡ್ಡಿ ತೂರಿಸಿ ಹೊಗೆ ಅಳೀಬೇಕು, ಗ್ಯಾಸ್ ಎಷ್ಟು ಉರೀತಿದೆ ಅಂತ ನೋಡ್ಬೇಕು, ತಯಾರಕರು ಹೇಳಿದ್ರೆ ಬರ್ನರ್ ಬಿಚ್ಚಿ ಸೀಲ್ ನೋಡ್ಬೇಕು, ಕಿಡಿ ಹಚ್ಚೋ ಎಲೆಕ್ಟ್ರೋಡ್ ನೋಡ್ಬೇಕು. ಮತ್ತೆ ಕಂಡೆನ್ಸೇಟ್ ಟ್ರ್ಯಾಪ್. ಇಂಗ್ಲೆಂಡಲ್ಲಿ 2005ರಿಂದ ಹೊಸ ಬಾಯ್ಲರ್ ಅಂದ್ರೆ ಹೆಚ್ಚುಕಮ್ಮಿ ಎಲ್ಲ ಕಂಡೆನ್ಸಿಂಗ್, ಹೊಗೆಯಲ್ಲಿರೋ ಆವಿಯನ್ನ ನೀರು ಮಾಡಿ ಅದರ ಶಾಖಾನೂ ಹಿಂಡ್ಕೊಳತ್ತೆ. ಆ ನೀರು ಸ್ವಲ್ಪ ಹುಳಿ, ಆಸಿಡ್, ಈ ಟ್ರ್ಯಾಪ್ ಮೂಲಕವೇ ಹೊರಗೆ ಹೋಗತ್ತೆ. ಟ್ರ್ಯಾಪ್ ಬಿಚ್ಚಿದ್ರೆ ಕಾಫಿ ಚರಟದ ಥರ ಕಪ್ಪು ಗಸಿ ಬರತ್ತೆ, ಅದು ಕಟ್ಕೊಂಡ್ರೆ ಬಾಯ್ಲರ್ ಗೊಳಗೊಳ ಅಂದು ನಿಂತುಹೋಗತ್ತೆ. ಎಲ್ಲ ಆದ್ಮೇಲೆ ಬುಕ್ಕಲ್ಲಿ ಬರೆದು ಸಹಿ ಮಾಡ್ಬೇಕು, ಬುಕ್ಕಲ್ಲಿ ಇಲ್ಲ ಅಂದ್ರೆ ನಾಳೆ ವಾರಂಟಿಗೆ ತಕರಾರು.

ಈಗ ಮಾಡಿಸ್ಬೇಕಾ ಸೆಪ್ಟೆಂಬರಿಗಾ ಅಂದ್ರೆ, ನಾನಂತೂ ಏಪ್ರಿಲ್‌ನಿಂದ ಜುಲೈ ಒಳಗೆ ಅಂತೀನಿ. ಚಳಿಗಾಲದಲ್ಲಿ ಸವೆದಿದ್ದು ಏನಿದೆ ಅಂತ ಈಗ ಗೊತ್ತಾದ್ರೆ ಪಾರ್ಟ್ ತರಿಸೋಕೆ ಟೈಮಿದೆ, ಮನೆಯವರು ನಡುಗಲ್ಲ, ನಮ್ಗೂ ಕೆಲಸ ಇಲ್ದೆ ಕೂತಿರ್ತೀವಿ, ಚೌಕಾಸಿ ಮಾಡ್ಬೋದು. ಇದನ್ನ ನನ್ನ ಗಿರಾಕಿಗಳಿಗೆ ಹೇಳ್ಬೇಡಿ.

ರೀಡಿಂಗ್ ರಂಗ · ಏಪ್ರಿಲ್ 9

ಮಾಮ, ಲೆಕ್ಕ ತಂದಿದೀನಿ. ಬೆಳಿಗ್ಗೆ ತಣ್ಣಗಿದ್ದಾಗ ಮುಳ್ಳು 0.6. ತುಂಬಿಸಿ 1.3 ಮಾಡ್ದೆ. ಹೀಟಿಂಗ್ ಆನ್ ಮಾಡಿ ಕಾಫಿ ಹಿಡ್ಕೊಂಡು ಎದುರಿಗೇ ನಿಂತೆ. ಹತ್ತು ನಿಮಿಷಕ್ಕೆ 2 ದಾಟ್ತು, ಇಪ್ಪತ್ತಕ್ಕೆ 2.7, ಆಮೇಲೆ ಕೆಂಪು ಗೆರೆ ಹತ್ರ ಹೋಗಿ ಮೂರರಲ್ಲಿ ನಿಂತ್ಕೊಳ್ತು. ಓಡಿ ಹೋಗಿ ಹೊರಗೆ ನೋಡಿದ್ರೆ ನೀವು ಹೇಳಿದ ತಾಮ್ರದ ಪೈಪ್, ಬಿನ್ನುಗಳ ಹಿಂದೆ, ಎರಡು ವರ್ಷದಿಂದ ಈ ಮನೇಲಿದೀನಿ ಅದನ್ನ ನೋಡೇ ಇರ್ಲಿಲ್ಲ. ಸಣ್ಣ ದಾರದ ಹಾಗೆ ಬಿಸಿನೀರು ಗೋಡೆ ಮೇಲೆ ಇಳೀತಾ ಇದೆ, ಆವಿ ಬರ್ತಿದೆ. ಕೆಳಗೆ ಇಟ್ಟಿಗೆ ಮೇಲೆ ಬಿಳೀ ಸುಣ್ಣದ ನಾಮ, ಪಾಚಿ. ಆ ಪಾಚಿ ನೋಡಿದ್ರೆ ಇದು ನಿನ್ನೆ ಮೊನ್ನೇದಲ್ಲ.

ಹೀಟಿಂಗ್ ಆಫ್ ಮಾಡಿ ಎರಡು ಗಂಟೆ ಬಿಟ್ಟು ನೋಡಿದ್ರೆ ಮುಳ್ಳು 0.4.

ಪೈಪ್ ಮಾಮ · ಏಪ್ರಿಲ್ 9

ಸಿಕ್ಕಿಬಿತ್ತು. ಪಾಠಪುಸ್ತಕದ ಕೇಸು.

ನೀರು ಕಾದ್ರೆ ಹಿಗ್ಗತ್ತೆ. ಹಿಗ್ಗಿದ ನೀರಿಗೆ ಜಾಗ ಬೇಕು, ಅದಕ್ಕೆ ಬಾಯ್ಲರ್ ಒಳಗೆ ಎಕ್ಸ್‌ಪಾನ್ಷನ್ ವೆಸಲ್ ಅಂತ ಒಂದು ತಗಡಿನ ಡಬ್ಬಿ. ನಡುವೆ ರಬ್ಬರ್ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನೀರು ಹಿಗ್ಗಿದಾಗ ಗಾಳಿ ಅಮುಕ್ಕೊಂಡು ಜಾಗ ಕೊಡತ್ತೆ, ತಣ್ಣಗಾದಾಗ ವಾಪಸ್ ತಳ್ಳತ್ತೆ. ಆ ಗಾಳಿ ಹೋಗಿದ್ರೆ, ಇಲ್ಲ ಪರದೆ ಹರಿದಿದ್ರೆ, ಹಿಗ್ಗಿದ ನೀರಿಗೆ ಜಾಗ ಇಲ್ಲ, ಒತ್ತಡ ಸರ್ರ್ ಅಂತ ಏರತ್ತೆ. 3 ಬಾರ್ ಮುಟ್ಟಿದಾಗ ಸೇಫ್ಟಿ ವಾಲ್ವ್ ಬಾಯಿ ತೆರೆದು ನೀರನ್ನ ಹೊರಗೆ ಬಿಸಾಕತ್ತೆ, ಅದೇ ನಿಮ್ಮ ಬಿನ್ ಹಿಂದಿನ ಪೈಪು. ತಣ್ಣಗಾದ್ಮೇಲೆ ಬಿಸಾಕಿದ ನೀರಿಲ್ವಲ್ಲ, ಅದಕ್ಕೆ ಮುಳ್ಳು ಪಾತಾಳಕ್ಕೆ. ನೀವು ಮತ್ತೆ ತುಂಬಿಸ್ತೀರಿ, ಅದು ಮತ್ತೆ ಚೆಲ್ಲತ್ತೆ.

ಇಷ್ಟೇ ಆಗಿದ್ರೆ ನೀರು ತಾನೇ ಅನ್ಬೋದಿತ್ತು. ತೊಂದ್ರೆ ಏನಂದ್ರೆ ಪ್ರತೀ ಸಲ ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಒಳಗೆ ಹೋಗತ್ತೆ, ಅದು ಉಕ್ಕಿನ ರೇಡಿಯೇಟರನ್ನ ತಿನ್ನತ್ತೆ. ಥೇಮ್ಸ್ ಕಣಿವೆ ನೀರು ಬೇರೆ ಗಡಸು, ಸುಣ್ಣಾನೂ ಜೊತೆಗೆ. ಸಿಸ್ಟಮಲ್ಲಿ ಹಾಕಿದ್ದ ಇನ್‌ಹಿಬಿಟರ್, ಅಂದ್ರೆ ತುಕ್ಕು ತಡೆಯೋ ದ್ರವ, ತೆಳ್ಳಗಾಗಿ ಹೋಗಿರತ್ತೆ. ಕೆಳಗಿನ ಒಂದು ರೇಡಿಯೇಟರ್ ಕೀ ಹಾಕಿ ಸ್ವಲ್ಪ ನೀರು ಬಿಳಿ ಲೋಟಕ್ಕೆ ಹಿಡೀರಿ. ಡಿಕಾಕ್ಷನ್ ಥರ ಕಪ್ಪಗಿದ್ರೆ ಅದು ಮ್ಯಾಗ್ನಟೈಟ್, ನಿಮ್ಮ ರೇಡಿಯೇಟರೇ ಕರಗಿ ಬಂದಿರೋದು. ಲೋಟದ ಹೊರಗೆ ಅಯಸ್ಕಾಂತ ಹಿಡಿದ್ರೆ ಕಪ್ಪು ಆ ಕಡೆ ಸರಿಯತ್ತೆ.

ಹೋದ ವರ್ಷ ಪಂಪ್ ಜಾಮ್ ಆಗಿದ್ದಕ್ಕೂ ಆರು ತಿಂಗಳು ನಿಂತಿದ್ದು ಒಂದೇ ಕಾರಣ ಅಲ್ಲ, ಈ ಗಸೀನೂ ಸೇರಿರ್ಬೋದು. ಪಂಪ್ ಬದಲಾಯಿಸಿದವರು ನೀರಿನ ಬಣ್ಣ ನೋಡಿ ಹೇಳ್ಬೇಕಿತ್ತು.

ಮಾಡ್ಬೇಕಾಗಿದ್ದು: ವೆಸಲ್ ನೋಡಿಸಿ. ಅದರ ಗಾಳಿ ವಾಲ್ವ್ ಸೈಕಲ್ ಟ್ಯೂಬಿಂದ ಥರಾನೇ ಇರತ್ತೆ. ಸಿಸ್ಟಮ್ ನೀರಿನ ಒತ್ತಡ ಸೊನ್ನೆಗಿಳಿಸಿ ಗಾಳಿ ತುಂಬಿದ್ರೆ ಕೆಲವು ಸಲ ವರ್ಷಗಟ್ಲೆ ನಿಲ್ಲತ್ತೆ. ವಾಲ್ವ್ ಒತ್ತಿದಾಗ ಗಾಳಿ ಬದಲು ನೀರು ಬಂದ್ರೆ ಪರದೆ ಹರಿದಿದೆ, ವೆಸಲ್ ಬದಲಾಯಿಸ್ಬೇಕು. ಆ ಸೇಫ್ಟಿ ವಾಲ್ವೂ ಬದಲಾಯಿಸಿ, ಒಮ್ಮೆ ತೆರೆದ್ರೆ ಕಸ ಸಿಕ್ಕಿ ಸರಿಯಾಗಿ ಮುಚ್ಕೊಳಲ್ಲ. ಬಾಯ್ಲರ್ ಕವರ್ ನೀವು ಬಿಚ್ಬೇಡಿ, ಬಹಳಷ್ಟು ಮಾಡೆಲಲ್ಲಿ ಆ ಕವರೇ ಹೊಗೆ ಹೊರಗೆ ಬರದ ಹಾಗೆ ತಡೆಯೋ ಸೀಲು.

ಬಾಸ್ಟನ್ ಬಸವ · ಏಪ್ರಿಲ್ 10

ನಮ್ಮ ಕಡೆ ವೇಷವೇ ಬೇರೆ ಗುರು. ಮ್ಯಾಸಚೂಸೆಟ್ಸು, ನೂರು ವರ್ಷದ ಮನೆ, ಬೇಸ್‌ಮೆಂಟಲ್ಲಿ ಆಯಿಲ್ ಬಾಯ್ಲರ್, ಪಕ್ಕದಲ್ಲಿ 275 ಗ್ಯಾಲನ್ ಟ್ಯಾಂಕು, ರೇಡಿಯೇಟರಲ್ಲಿ ಬಿಸಿನೀರಲ್ಲ, ಹಬೆ. ರಾತ್ರಿ ಪೈಪು ಠಣ್ ಠಣ್ ಅಂದಾಗ ಮೊದಲ ವರ್ಷ ದೆವ್ವ ಅಂದ್ಕೊಂಡಿದ್ದೆ.

ಇಲ್ಲಿ ಸೀಸನ್ ಮುಗಿದ ತಕ್ಷಣ ಸರ್ವಿಸ್ ಮಾಡಿಸೋದಕ್ಕೆ ಒಂದು ಗಟ್ಟಿ ಕಾರಣ ಇದೆ. ಎಣ್ಣೆ ಉರಿದ್ರೆ ಮಸಿ ಕಟ್ಟತ್ತೆ, ಮಸೀಲಿ ಗಂಧಕದ ಅಂಶ. ಬೇಸಿಗೇಲಿ ಬೇಸ್‌ಮೆಂಟ್ ಒಂದೇ ಸಮ ಜಿನುಗ್ತಿರತ್ತೆ, ಆ ತೇವ ಮಸಿಗೆ ಸೇರಿದ್ರೆ ಆಸಿಡ್, ಅದು ಬೇಸಿಗೆಯೆಲ್ಲ ಕೂತು ಕಬ್ಬಿಣ ತಿನ್ನತ್ತೆ. ಈಗಿನ ಎಣ್ಣೇಲಿ ಗಂಧಕ ತೀರಾ ಕಮ್ಮಿ ಮಾಡಿದಾರೆ, ಮುಂಚಿನಷ್ಟಿಲ್ಲ, ಆದ್ರೂ ಮಸಿ ಇಟ್ಕೊಂಡು ಬೇಸಿಗೆ ಕಳೆಯೋದು ಯಾಕೆ. ಟೆಕ್ನಿಷಿಯನ್ ಬಂದು ಬ್ರಷ್ ಹಾಕಿ ಒಳಗಿನ ಮಸಿ ತೆಗೆದು, ನಾಝಲ್ಲು, ಎಣ್ಣೆ ಫಿಲ್ಟರ್ರು ಬದಲಾಯಿಸಿ ಹೋಗ್ತಾನೆ.

ನಾನೇ ಮಾಡೋದು ಒಂದಿದೆ. ಹಬೆ ಬಾಯ್ಲರಿಗೆ ನೀರು ಕಮ್ಮಿ ಆದ್ರೆ ಉರಿ ನಿಲ್ಲಿಸೋ ಒಂದು ಕಟ್‌ಆಫ್ ಇರತ್ತೆ, ನಮ್ಮದರಲ್ಲಿ ಅದರೊಳಗೆ ತೇಲೋ ಗುಂಡು. ಅಲ್ಲಿ ಕೆಸರು ಕಟ್ಟಿ ಗುಂಡು ಸಿಕ್ಕಿಹಾಕ್ಕೊಂಡ್ರೆ ನೀರಿಲ್ದೇನೂ ಬಾಯ್ಲರ್ ಉರಿಯತ್ತೆ, ಅದಕ್ಕಿಂತ ಅಪಾಯ ಬೇರೆ ಇಲ್ಲ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಕೆಳಗಿನ ವಾಲ್ವ್ ತೆರೆದು ಬಕೆಟ್ಟಿಗೆ ಬಿಡ್ತೀನಿ, ರಾಗಿ ಗಂಜಿ ಬಣ್ಣದ ನೀರು ಬರತ್ತೆ, ತಿಳಿಯಾಗೋ ತನಕ ಬಿಡ್ಬೇಕು. ಸೀಸನ್ ಕೊನೇಲಿ ಒಂದ್ಸಲ ಚೆನ್ನಾಗಿ ತೊಳೆದು, ಹೊಸ ನೀರು ತುಂಬಿದ ಮೇಲೆ ಹಾಗೇ ಬಿಟ್ಟು ಹೋಗ್ಬಾರ್ದು, ಒಂದ್ಸಲ ಹಬೆ ಬರೋ ತನಕ ಕುದಿಸಿ ಆಮೇಲೆ ಆಫ್ ಮಾಡ್ಬೇಕು. ಕುದಿಸಿದ್ರೆ ನೀರಲ್ಲಿ ಕರಗಿರೋ ಆಮ್ಲಜನಕ ಹೋಗತ್ತೆ. ಮಾಮ ಹೇಳಿದ್ದೇ ಮಾತು, ಹೊಸ ನೀರೇ ಶತ್ರು.

ಮತ್ತೆ ರಂಗ, ನಮ್ಮಲ್ಲೂ ಒಂದು ಕೆಂಪು ಸ್ವಿಚ್ಚಿದೆ, ಬೇಸ್‌ಮೆಂಟ್ ಮೆಟ್ಟಿಲ ಮೇಲ್ಗಡೆ. ಹೋದ ಜನವರೀಲಿ ನಮ್ಮನೆಗೆ ಬಂದ ನೆಂಟರು ದೀಪದ ಸ್ವಿಚ್ ಅಂತ ಅದನ್ನ ಒತ್ತಿದ್ರು. ಬೆಳಿಗ್ಗೆ ಎದ್ದಾಗ ಮನೆ ಒಳಗೆ 11 ಡಿಗ್ರಿ. ಟೆಕ್ನಿಷಿಯನ್ ಬಂದು ಸ್ವಿಚ್ ಹಾಕಿ ಬಿಲ್ ಕೊಟ್ಟು ಹೋದ.

ಕರಾವಳಿ ಕೂಸು · ಏಪ್ರಿಲ್ 10

ಬಸವಣ್ಣ 😂😂

ಸೀರಿಯಸ್ ಆಗಿ ಒಂದು ಕೇಳ್ಲಿಕ್ಕುಂಟು. ನಮ್ಮದು ಬಾಡಿಗೆ ಫ್ಲಾಟ್, ನಾಲ್ಕು ಜನ ಸ್ಟೂಡೆಂಟ್ಸ್. ಓನರ್ ಹೇಳ್ತಾರೆ ಗ್ಯಾಸ್ ಸರ್ಟಿಫಿಕೇಟ್ ಆಗಿದೆ, ಸರ್ವಿಸ್ ಬೇಕಾದ್ರೆ ನೀವು ಮಾಡಿಸಿ ಅಂತ. ಹೌದಾ ಅದು?

ಪೈಪ್ ಮಾಮ · ಏಪ್ರಿಲ್ 10

ಅಲ್ಲ ಕೂಸೇ. 1998ರ ಗ್ಯಾಸ್ ಸುರಕ್ಷತೆ ನಿಯಮದ ಪ್ರಕಾರ ಬಾಡಿಗೆ ಮನೆಯ ಬಾಯ್ಲರನ್ನ 12 ತಿಂಗಳಿಗೊಮ್ಮೆ ಚೆಕ್ ಮಾಡಿಸೋದು, ಅದನ್ನ ಸುರಕ್ಷಿತವಾಗಿ ಇಡೋದು ಎರಡೂ ಓನರ್ ತಲೆ ಮೇಲೆ. ಚೆಕ್ ಆದ 28 ದಿನದೊಳಗೆ ಅದರ ಪ್ರತಿ ನಿಮಗೆ ಕೊಡ್ಬೇಕು, ಕೇಳಿ ಇಸ್ಕೊಳ್ಳಿ. ಆದ್ರೆ ಚೆಕ್ ಬೇರೆ, ಸರ್ವಿಸ್ ಬೇರೆ ಅನ್ನೋದು ನಿಜ, ಚೆಕ್ಕಲ್ಲಿ ಒಳಗಿನ ಟ್ರ್ಯಾಪು ಗೀಪು ತೊಳೆಯಲ್ಲ. ಅದರ ಖರ್ಚು ನಿಮ್ಮದು ಅನ್ನೋದಕ್ಕೆ ಅರ್ಥ ಇಲ್ಲ. ಇಮೇಲಲ್ಲಿ ಕೇಳಿ, ಫೋನಲ್ಲಿ ಬೇಡ.

ಮತ್ತೆ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಸ್ಕಾಟ್ಲೆಂಡಲ್ಲಿ 2022ರ ಫೆಬ್ರವರಿಯಿಂದ ಬಾಯ್ಲರ್ ಇರೋ ರೂಮಲ್ಲಿ ಕಡ್ಡಾಯ, ಇಂಗ್ಲೆಂಡಿನ ಬಾಡಿಗೆ ಮನೆಗಳಿಗೆ ಅದೇ ವರ್ಷ ಅಕ್ಟೋಬರ್ 1ರಿಂದ. ಇವತ್ತೇ ಬಟನ್ ಒತ್ತಿ ನೋಡಿ. ಆ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮನೇಲಿದ್ದಾಗ ನಾಲ್ಕು ಜನಕ್ಕೂ ತಲೆನೋವು, ವಾಕರಿಕೆ, ಹೊರಗೆ ಹೋದ್ರೆ ಸರಿ ಹೋಗೋದು ಅಂತಾದ್ರೆ ಫ್ಲೂ ಅಂತ ಮಲ್ಕೋಬೇಡಿ. ಬಾಯ್ಲರ್ ಆಫ್ ಮಾಡಿ, ಕಿಟಕಿ ತೆಗೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದ್ರೂ ಇದೇ ನಂಬರ್.

ಧಾರವಾಡ ಪೇಢೆ · ಏಪ್ರಿಲ್ 12

ಇವತ್ತ ಭಾನುವಾರ ನಮ್ಮನಿಯವ್ರು ನಿಮ್ಮ ಮಾತು ಎಲ್ಲಾ ಓದಿ ಹುರುಪಿಗೆ ಬಂದು ರೇಡಿಯೇಟರ್ ಗಾಳಿ ಬಿಡ್ಲಿಕ್ಕೆ ಕೂತ್ರು. ಬಾಯ್ಲರ್ ಬಂದ್ ಮಾಡಿ, ತಣ್ಣಗಾಗಾಕ ಬಿಟ್ಟು, ಕೆಳಗಿನ ಮಜಲೀಂದ ಶುರು ಮಾಡಿ, ಕೆಳಗ ಹಳೇ ಟವೆಲ್ ಹಿಡದು, ಎಲ್ಲಾ ಬರೋಬ್ಬರಿ ಮಾಡಿದ್ರು. ಬಾತ್‌ರೂಮಿನ್ಯಾಗ ಸುಸ್ಸ್ ಅಂತ ಅರ್ಧ ನಿಮಿಷ ಗಾಳಿ ಬಂತು, ಆಮ್ಯಾಲೆ ಪಿಚಕ್ ಅಂತ ನೀರು. ಬಂದ ನೀರು ಸ್ವಚ್ಛ ಇತ್ತು, ನಾನೂ ಬಿಳೇ ಲೋಟದಾಗ ಹಿಡದು ನೋಡಿದ್ನಿ.

ಗಾಳಿ ಹೋದ್ಮ್ಯಾಲೆ ಮುಳ್ಳು ಇಳೀತದಲ್ರಿ, ತುಂಬಸಾಕ ಬಾಯ್ಲರ್ ಕೆಳಗಿನ ಬೆಳ್ಳಿ ಬಣ್ಣದ ಜಡೀ ಪೈಪಿನ ಎರಡೂ ಕಡೆ ವಾಲ್ವ್ ತಗದ್ರು. ಅಷ್ಟರಾಗ ಧಾರವಾಡದಿಂದ ಅತ್ತಿಯವ್ರ ಫೋನು. ಅತ್ತಿಯವ್ರ ಫೋನ್ ಅಂದ್ರ ಸಣ್ಣದಲ್ರಿ. ಮರತ ಬಿಟ್ರು. ಹೊಳ್ಳಿ ಬಂದು ನೋಡಿದ್ರ ಮುಳ್ಳು ಮೂರರ ಮ್ಯಾಲೆ, ಹೊರಗ ಪೈಪಿನ್ಯಾಗ ನೀರು ಧೋ ಅಂತ. ವಾಲ್ವ್ ಬಂದ್ ಮಾಡಿ, ರೇಡಿಯೇಟರ್‌ನಿಂದ ನೀರು ಬಿಟ್ಟು 1.3ಕ್ಕ ತಂದ್ವಿ. ಮಾಮಾ, ಈಗ ನಮ್ಮ ಸೇಫ್ಟಿ ವಾಲ್ವೂ ಹೋತೇನ್ರಿ?

ಪೈಪ್ ಮಾಮ · ಏಪ್ರಿಲ್ 12

ಹೋಗಿರ್ಲಿಕ್ಕಿಲ್ಲ, ನೀರು ಸ್ವಚ್ಛ ಇತ್ತು ಅಂದ್ರಲ್ಲ. ಆ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ರಬ್ಬರ್ ಬ್ಯಾಂಡ್ ಹಾಕಿ ಸಡಿಲವಾಗಿ ಕಟ್ಟಿ, ಎರಡು ದಿನ ಬಿಟ್ಟು ನೋಡಿ, ಆಮೇಲೆ ಚೀಲ ತೆಗೆದ್ಬಿಡಿ. ಚೀಲ ಒಣಗಿದ್ರೆ ಬಚಾವು. ತುಂಬಿಸಿದ ಮೇಲೆ ಆ ಜಡೆ ಪೈಪನ್ನ ಕಳಚಿ ಇಡೋದೇ ನಿಯಮ, ಯಾರೂ ಮಾಡಲ್ಲ. ಕಳಚಿ ಇಟ್ಟಿದ್ರೆ ಅತ್ತೆಯವರ ಫೋನು ಎಷ್ಟುದ್ದ ಇದ್ರೂ ಪರ್ವಾಗಿಲ್ಲ.

ಹೀಟ್‌ಪಂಪ್ ಹನುಮ · ಏಪ್ರಿಲ್ 14

ಫಿಲ್ಟರ್ ಇತ್ತು. ಏನ್ ಬಂತು ಅಂತ ಕೇಳ್ಬೇಡಿ.

ರೀಡಿಂಗ್ ರಂಗ · ಜೂನ್ 21

ಅಪ್‌ಡೇಟ್ ಕೊಡೋದು ತಡವಾಯ್ತು, ಕ್ಷಮಿಸಿ. ಏಪ್ರಿಲ್ ಕೊನೇಲಿ ಇಂಜಿನಿಯರ್ ಬಂದ್ರು, ಕಾರ್ಡ್ ಹಿಂದೆ ಮುಂದೆ ನೋಡಿದೆ, ಅವರು ನಕ್ರು. ವೆಸಲ್ ವಾಲ್ವ್ ಒತ್ತಿದ ತಕ್ಷಣ ಅವರ ಬೆರಳ ಮೇಲೆ ಕಂದು ನೀರು, ಪರದೆ ಹರಿದಿತ್ತು. ವೆಸಲ್ಲು, ಸೇಫ್ಟಿ ವಾಲ್ವು ಹೊಸದು. ಲೋಟದ ನೀರು ಮಾಮ ಹೇಳಿದ್ದಕ್ಕಿಂತ ಕಪ್ಪು, ಫಿಲ್ಟರ್ ಕಾಫಿ ಮೊದಲ ಡಿಕಾಕ್ಷನ್. ಹಾಗಾಗಿ ಸಿಸ್ಟಮ್ ತೊಳೆದು, ವಾಪಸ್ ಬರೋ ಪೈಪಿಗೆ ಅಯಸ್ಕಾಂತದ ಫಿಲ್ಟರ್ ಕೂರಿಸಿ, ಹೊಸ ಇನ್‌ಹಿಬಿಟರ್ ಹಾಕಿ ಹೋದ್ರು. ದುಡ್ಡು ಎಷ್ಟು ಅಂತ ಹೇಳಲ್ಲ, ಹೆಂಡ್ತಿ ಈ ಗ್ರೂಪಲ್ಲಿದಾಳೆ. ಮುಳ್ಳು ಏಳು ವಾರದಿಂದ 1.3 ಬಿಟ್ಟು ಅಲ್ಲಾಡಿಲ್ಲ. ಬಿನ್ನುಗಳನ್ನ ಬೇರೆ ಕಡೆ ಇಟ್ಟಿದೀನಿ, ಆ ಪೈಪ್ ದಿನಾ ಕಣ್ಣಿಗೆ ಬೀಳ್ಲಿ ಅಂತ.

ಅಪ್ಪ ಅಮ್ಮ ಬಂದು ಎರಡು ವಾರ ಆಯ್ತು. ಹೊರಗೆ 17 ಡಿಗ್ರಿ, ಅಮ್ಮ ಸ್ವೆಟರು, ಕಾಲುಚೀಲ, ಕುಲಾವಿ. ಇವತ್ತು ತಿಂಗಳ ಹತ್ತು ನಿಮಿಷದ ದಿನ, ಥರ್ಮೋಸ್ಟ್ಯಾಟ್ ಏರಿಸ್ದೆ. ಅಮ್ಮ ಹಾಲಲ್ಲಿ ರೇಡಿಯೇಟರ್ ಮುಟ್ಟಿ ನೋಡಿ, "ಇದು ಬಿಸಿ ಆಗತ್ತಾ? ಇಷ್ಟು ದಿನ ಯಾಕೋ ಮುಚ್ಚಿಟ್ಟಿದ್ದೆ?" ಅಂದ್ರು. ಪಂಪು, ಪಿನ್ನು, ವಾಲ್ವು ಅಂತ ವಿವರಿಸೋಕೆ ಹೋದೆ. ಅಷ್ಟರಲ್ಲಿ ಅವರು ಅಡುಗೆಮನೆಯಿಂದ ತಟ್ಟೆ ತಂದು ರೇಡಿಯೇಟರ್ ಮೇಲೆ ಇಟ್ಟಾಗಿತ್ತು. ಅಕ್ಕಿ ಸಂಡಿಗೆ, ಮೂರು ದಿನದಿಂದ ಬಿಸಿಲಿಗೆ ಕಾಯ್ತಾ ಇದ್ರಂತೆ. ಹತ್ತು ನಿಮಿಷ ಮುಗಿದು ಅರ್ಧ ಗಂಟೆ ಆಯ್ತು, ಆಫ್ ಮಾಡೋಕೆ ಬಿಡ್ತಿಲ್ಲ.

ಪೈಪ್ ಮಾಮ · ಜೂನ್ 21

ಸಂಡಿಗೆ ಓಕೆ. ಟಿಆರ್‌ವಿ ತಲೆ ಮೇಲೆ ಒದ್ದೆ ಬಟ್ಟೆ ಮಾತ್ರ ಹಾಕೋಕೆ ಬಿಡ್ಬೇಡಿ, ಅದು ರೂಮಿನ ಬಿಸಿ ಬಿಟ್ಟು ಬಟ್ಟೆ ಬಿಸಿ ಅಳೆಯೋಕೆ ಶುರು ಮಾಡತ್ತೆ.

ಧಾರವಾಡ ಪೇಢೆ · ಜೂನ್ 21

ಅಕ್ಕಿ ಸಂಡಗಿಗೆ ಹಿಟ್ಟು ಕಾಸೂ ಮುಂದ ಓಂಕಾಳು ಹಾಕ್ಯಾರೋ ಜೀರಗಿಯೋ, ಅಮ್ಮಾರನ್ನ ಕೇಳಿ ಹೇಳ್ರಿ. ನಮ್ಮನ್ಯಾಗ ಒಂಬತ್ತು ರೇಡಿಯೇಟರ್ ಅದಾವು.